ಅಣಕವಾಡಿಗೂ ಮಾತ್ರೆಯ ಲೆಕ್ಕವೇ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮನೆಯವರೆಲ್ಲ ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ ಕಾರ್ಯಕ್ರಮದ ಹಳೆಯ ಅಭಿಮಾನಿಗಳು. ಬೀದಿಯ ಗಣೇಶೋತ್ಸವದಲ್ಲಿ ಹಾಡಲೆಂದು ಅದನ್ನು ಕೊಂಡಾಡುವ ಅಣಕವಾಡೊಂದನ್ನು ಭಾಮಿನಿ ಷಟ್ಪದಿಯ ಧಾಟಿಯಲ್ಲಿ ಬರೆದಿದ್ದೇನೆ. ಮೊದಲ ಸಾಲು ‘ಥಟ್ ಅಂತ ಹೇಳಿ ಎಂಬ ಕಾರ್ಯಕ್ರಮ’; ಮುಂದಿನ ಸಾಲುಗಳಲ್ಲಿ ಅದ್ಭುತ, ಅಮೋಘ ಎಂದೆಲ್ಲ ಹೊಗಳಿದ್ದೇನೆ. ಗಮಕ ಬಲ್ಲ ನಮ್ಮ ಅತ್ತೆಯವರು ‘ಇದು ಬಾಯಿಗೆ ಕೂರುವುದಿಲ್ಲ’ ಎನ್ನುತ್ತಾರೆ. ತಮಾಷೆಯ ಹಾಡಿಗೂ ಇಷ್ಟು ಕಟ್ಟುನಿಟ್ಟು ಬೇಕೇ?
– ಓದುಗರು, ತುಮಕೂರು

ಉತ್ತರ: ತಮಾಷೆಯ ಹಾಡಿಗೇ ಹೆಚ್ಚು ಬೇಕು. ಗಂಭೀರ ಪದ್ಯದಲ್ಲಿ ಒಂದು ಮಾತ್ರೆ (ಹ್ರಸ್ವಾಕ್ಷರವೊಂದನ್ನು ನುಡಿಯುವಷ್ಟು ಕಾಲ) ಎಡವಿದರೆ ಅರ್ಥವಾದರೂ ಕೈಹಿಡಿಯುತ್ತದೆ. ಅಣಕವಾಡಿನಲ್ಲಿ ಕೇಳುಗರ ಕಿವಿಯಲ್ಲಿ ಮೂಲದ ನಡೆ ಓಡುತ್ತಲೇ ಇರಬೇಕು, ಅದರ ಮೇಲೆ ಟಿವಿಯ ಮಾತು ಬಂದು ಕುಳಿತಾಗಲೇ ನಗು.

ಆರು ಸಾಲಿನ ಭಾಮಿನಿಯ ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಿಗೆ 3-4-3-4ರ ಗಣಗಳಂತೆ (ಗಣವೆಂದರೆ ಮಾತ್ರೆಗಳ ಗುಂಪು) 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಇದೇ ನಡೆ ಒಂದೂವರೆಯಷ್ಟು ಬೆಳೆದು, ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ) ಸೇರಿ 23 ಮಾತ್ರೆಯಾಗುತ್ತದೆ. ನಿಮ್ಮ ಸಾಲಿಗೆ ಪ್ರಸ್ತಾರ ಹಾಕಿದರೆ, ಅಂದರೆ ಅಕ್ಷರಗಳ ಮಾತ್ರೆ ಎಣಿಸಿದರೆ, 17 ಮಾತ್ರೆ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಆರಂಭದಲ್ಲೇ ಇದೆ: ‘ಥಟ್’ ಎರಡು ಮಾತ್ರೆ, ‘ಅಂ’ ಎರಡು ಮಾತ್ರೆ, ಗಣ ಮುಗಿಯಬೇಕಾದದ್ದು ಮೂರಕ್ಕೆ. ಹಾಡುವವರು ‘ಅಂ’ ಅನ್ನು ನಡುವೆ ಸೀಳಬೇಕಾಗುತ್ತದೆ. ಅತ್ತೆಯವರ ಬಾಯಿಗೆ ಕೂರದಿದ್ದುದು ಇದೇ. ಕಾರ್ಯಕ್ರಮದ ಹೆಸರನ್ನು ಇದ್ದಂತೆಯೇ ತರಬೇಕೆಂಬ ಹಟ ಬಿಟ್ಟು, ‘ಥಟ್ಟನೆ’ ಎಂಬ ನಮ್ಮ ಹಳೆಯ ಮಾತನ್ನೇ ಹಿಡಿದರೆ ದಾರಿ ಸುಗಮವಾಗುತ್ತದೆ:

ಥಟ್ಟನುತ್ತರವೊಂದ ಹೇಳಲು
ಕೊಟ್ಟ ಪುಸ್ತಕ ಮನೆಗೆ ಬಂದಿತು
ಪಟ್ಟವೇರಿದ ಟಿವಿಯ ಪಕ್ಕದೆ ಜಾಗ ಸಿಕ್ಕಿತಲಾ

ಇದು ಅರ್ಧ ಪದ್ಯ. ‘ಟ್ಟ’ಕಾರದ ಆದಿಪ್ರಾಸವನ್ನು (ಪ್ರತಿ ಸಾಲಿನ ಎರಡನೆಯ ಅಕ್ಷರದ ಹೊಂದಾಣಿಕೆಯನ್ನು) ಉಳಿಸಿಕೊಂಡು ಇನ್ನರ್ಧವನ್ನು ನೀವೇ ಪೂರೈಸಿ, ‘ಬಿಟ್ಟ’, ‘ಕಟ್ಟಿ’, ‘ಮುಟ್ಟಿ’ ಎಂದು ಮೊದಲಾಗುವ ಸಾಲುಗಳಿಗೆ ಕನ್ನಡದಲ್ಲಿ ಬರವಿಲ್ಲ.

ಹೊಗಳಿಕೆಯ ಪದಗಳನ್ನು ಮಾತ್ರ ದಯವಿಟ್ಟು ತೆಗೆದುಹಾಕಿ. ‘ಅಮೋಘ’ ಎಂಬ ವಿಶೇಷಣವನ್ನು ಯಾವ ಕಾರ್ಯಕ್ರಮಕ್ಕೆ ಬೇಕಾದರೂ ಅಂಟಿಸಬಹುದು. 2002ರಲ್ಲಿ ಆರಂಭವಾದ ಈ ರಸಪ್ರಶ್ನೆ ಕಾರ್ಯಕ್ರಮಕ್ಕೆ ಮಾತ್ರ ಒಪ್ಪುವ ಸಂಗತಿಗಳು ಬೇರೆಯೇ ಇವೆ: ಸರಿಯುತ್ತರಕ್ಕೆ ಹಣದ ಬದಲು ಕನ್ನಡ ಪುಸ್ತಕ ಕೊಡುವುದು, ನಡೆಸಿಕೊಡುವ ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರಾಗಿರುವುದು, ಸ್ಪರ್ಧಿಗಿಂತ ಮೊದಲು ಮನೆಯಲ್ಲಿ ಕುಳಿತ ಅಜ್ಜಿ ಉತ್ತರ ಹೇಳಿಬಿಡುವುದು. ನಿಮ್ಮ ಮನೆಯಲ್ಲಿ ಹಾಗೆ ಹೇಳುವವರು ಅತ್ತೆಯವರೇ ಆಗಿದ್ದರೆ (ನನಗೇಕೋ ಹಾಗೇ ಅನ್ನಿಸುತ್ತಿದೆ) ಆರನೆಯ ಸಾಲನ್ನು ಅವರಿಗೇ ಮೀಸಲಿಡಿ.

ಪ್ರಶ್ನೆ: ಇನ್ನೊಬ್ಬರ ಧಾಟಿಗೆ ನಮ್ಮ ಮಾತು ತುಂಬುವುದು ಕಳ್ಳತನವಲ್ಲವೇ? ಸಿನಿಮಾ ಧಾಟಿಯನ್ನು ಬಳಸಿದರೆ ಕಾನೂನಿನ ತೊಂದರೆ ಬಂದೀತೇ?
– ಓದುಗರು, ಗುಬ್ಬಿ

ಉತ್ತರ: 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರಿನಿಂದ ಈ ಪ್ರಶ್ನೆ ಬಂದಿರುವುದು ಸೊಗಸಾಗಿದೆ. ಕಂಪನಿ ನಾಟಕಗಳ ಕಾಲದಲ್ಲಿ ಹೊಸ ಹಾಡಿನ ನೆತ್ತಿಯ ಮೇಲೆ ‘ಇಂಥ ಧಾಟಿ’ ಎಂದು ಅಚ್ಚು ಹಾಕಿಸಿ, ಸಾಲವನ್ನು ಬಹಿರಂಗವಾಗಿಯೇ ಒಪ್ಪಿಕೊಳ್ಳುತ್ತಿದ್ದರು. ಮೊದಲ ಮಹಾಯುದ್ಧದ ಸೈನಿಕರು ಹಾಡುತ್ತಿದ್ದ ‘ಟಿಪ್ಪರೇರಿ’ ಎಂಬ ಇಂಗ್ಲಿಷ್ ಹಾಡನ್ನು ಕೈಲಾಸಂ ಅವರು ‘ತಿಪ್ಪಾರಳ್ಳಿ’ಯನ್ನಾಗಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಕಾನೂನಿನ ವಿಷಯ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯು ವಿಮರ್ಶೆ ಮತ್ತು ಖಾಸಗಿ ಬಳಕೆಗೆ ನ್ಯಾಯೋಚಿತ ರಿಯಾಯಿತಿ ಕೊಟ್ಟಿದ್ದರೂ ಅಣಕವಾಡನ್ನು ಹೆಸರಿಸಿ ವಿನಾಯಿತಿ ಕೊಟ್ಟಿಲ್ಲ. ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ನಿಧನಾನಂತರವೂ 60 ವರ್ಷ ಇರುತ್ತದೆ. ಆದ್ದರಿಂದ ಸಿನಿಮಾ ಧಾಟಿಯ ಹಾಡನ್ನು ಧ್ವನಿಮುದ್ರಿಸಿ ಮಾರುವ ಯೋಚನೆಯಿದ್ದರೆ ಮೊದಲು ಹಕ್ಕುದಾರರ ಒಪ್ಪಿಗೆ ಪಡೆಯಿರಿ. ಭಾಮಿನಿಯನ್ನು ಆರಿಸಿಕೊಂಡರೆ ಯಾರನ್ನೂ ಕೇಳಬೇಕಾಗಿಲ್ಲ. ಗದುಗಿನ ನಾರಣಪ್ಪ (ಕುಮಾರವ್ಯಾಸ) ಅದರಲ್ಲಿ ಮಹಾಭಾರತದ ಮೊದಲ ಹತ್ತು ಪರ್ವಗಳನ್ನೇ ಹಾಡಿದ್ದರೂ ಛಂದಸ್ಸನ್ನು ತನ್ನ ಹೆಸರಿಗೆ ಬರೆಸಿಕೊಂಡವನಲ್ಲ.