ಊರೂರು ಸುತ್ತಿದರೂ ಕವಿತೆ ಯಾಕೆ ಹುಟ್ಟುವುದಿಲ್ಲ?

"ವರ್ಷಕ್ಕೆ ಎರಡು ಮೂರು ಪ್ರವಾಸ ಮಾಡುತ್ತೇನೆ. ಕವಿತೆ ಬರೆಯುವ ಆಸೆ. ಆದರೆ ವಾಪಸ್ ಬಂದು ಕೂತರೆ ಒಂದು ಸಾಲೂ ಹೊಳೆಯುವುದಿಲ್ಲ. ಸ್ಫೂರ್ತಿ ಸಿಗೋದು ಹೇಗೆ?" ಅಂತ ಕೇಳಿದ್ದೀರಿ. ನಂದೂ ಎಷ್ಟೋ ವರ್ಷ ಇದೇ ಗೋಳು. ನಾನು ದೊಡ್ಡ ಕವಿಯೇನಲ್ಲ, ನಾಲ್ಕಾರು ಕವಿತೆ ಅಚ್ಚಾಗಿವೆ ಅಷ್ಟೇ. ನನಗಾದದ್ದನ್ನು ಹೇಳುತ್ತೇನೆ.

ಒಮ್ಮೆ ಗೋಕರ್ಣದ ಓಂ ಬೀಚಿನಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತಾ ಅಲ್ಲೇ ಎರಡು ಪುಟ ಬರೆದಿದ್ದೆ. ಮನೆಗೆ ಬಂದು ಓದಿದರೆ ನಾಚಿಕೆಯಾಯಿತು. ಹೊನ್ನಿನ ನೀರು, ಕೆಂಪು ಬಾನು, ಅನಂತ ಅಲೆ. ಇಷ್ಟಕ್ಕೆ ಗೋಕರ್ಣದವರೆಗೆ ಯಾಕೆ ಹೋಗಬೇಕಿತ್ತು? ಗೋಡೆಯ ಕ್ಯಾಲೆಂಡರ್ ನೋಡಿದ್ದರೂ ಬರೆಯಬಹುದಿತ್ತು, ಅಲ್ವಾ?

ಅದೇ ಸಲ ತದಡಿಗೂ ಹೋಗಿದ್ದೆ. ಬಾರ್ಜಿನಲ್ಲಿ ಅಘನಾಶಿನಿ ನದಿ ದಾಟುವ ಯೋಚನೆ. ನಾನು ತಲುಪುವಷ್ಟರಲ್ಲಿ ಅದು ಹೊರಟುಬಿಟ್ಟಿತ್ತು. ಸುಮ್ನೆ ದಡದಲ್ಲಿ ಕೂತೆ. ಇಳಿತದ ಹೊತ್ತು. ಸೊಂಟದವರೆಗಿನ ನೀರಿನಲ್ಲಿ ನಿಂತ ಹೆಂಗಸರು ಕೆಸರಲ್ಲಿ ಕಾಲಿನಿಂದ ಏನನ್ನೋ ತಡಕುತ್ತಿದ್ದರು. ಸಿಕ್ಕ ತಕ್ಷಣ ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ದಡಕ್ಕೆ ಬಂದವರೊಬ್ಬರನ್ನು, "ಅಕ್ಕಾ, ಇದು ಏನು?" ಅಂತ ಕೇಳಿದೆ. "ಬಳಚು. ನೀವು ತಿನ್ನೂದಿಲ್ವಾ?" ಅಂದರು. ಚಿಪ್ಪಿನೊಳಗಿನ ಜೀವಿ, ಅಲ್ಲಿಯವರ ಊಟ, ಎಷ್ಟೋ ಮನೆಗಳ ದುಡಿಮೆ.

ನನ್ನ ಹಾಗೆ ಬಾರ್ಜಿಗೆ ಕಾಯುತ್ತಿದ್ದ ಅಜ್ಜ ಒಬ್ಬರು ಮಾತಿಗೆ ಸಿಕ್ಕರು. ಉಪ್ಪುನೀರು ನುಗ್ಗುವ ಹೊಲಕ್ಕೆ ಗಜನಿ ಅನ್ನುತ್ತಾರಂತೆ. ಮಳೆ ಬಂದು ಉಪ್ಪು ಕಡಿಮೆಯಾದ ಮೇಲೆ ಅಲ್ಲಿ ಭತ್ತ. ಕೊಯ್ಲು ಮುಗಿದರೆ ಕಟ್ಟೆಯ ಬಾಗಿಲು ತೆಗೆದು ಹೊಳೆಯ ನೀರು ಬಿಡುತ್ತಾರೆ, ಆಮೇಲೆ ಅದೇ ಹೊಲದಲ್ಲಿ ಮೀನು, ಸಿಗಡಿ. ಆ ಭತ್ತದ ಹೆಸರು ಕಗ್ಗ. ಉಪ್ಪು ತಡೆಯುತ್ತದೆ, ನೆರೆ ಬಂದರೆ ಕೆಲವು ದಿನ ಮುಳುಗಿದ್ದರೂ ಸಾಯುವುದಿಲ್ಲ. ನನಗೆ ಕಗ್ಗ ಅಂದರೆ ಅದುವರೆಗೆ ಪುಸ್ತಕದ ಕಗ್ಗವೊಂದೇ ಗೊತ್ತು!

ಬಳಚು, ಗಜನಿ, ಕಗ್ಗ. ಮೂರು ಪದ ಬಸ್ ಟಿಕೆಟ್ಟಿನ ಹಿಂದೆ ಗೀಚಿಕೊಂಡೆ. ಕವಿತೆ ಮಾತ್ರ ಬರಲಿಲ್ಲ. ಅದು ಬಂದದ್ದು ಒಂದು ವರ್ಷದ ಮೇಲೆ, ಬೆಂಗಳೂರಿನಲ್ಲಿ. ಜೋರು ಮಳೆ, ರಸ್ತೆಯ ತುಂಬಾ ನೀರು, ಬಸ್ಸು ನಿಂತಲ್ಲೇ ನಿಂತಿತ್ತು. ಹೊರಗೆ ಹೆಂಗಸೊಬ್ಬರು ಜಾರಿಹೋದ ಚಪ್ಪಲಿಯನ್ನು ಆ ಕೊಚ್ಚೆನೀರಿನಲ್ಲಿ ಕಾಲಿನಿಂದಲೇ ಹುಡುಕುತ್ತಿದ್ದರು. ತದಡಿ ಎದ್ದು ಬಂತು.

ಹಾಗಾಗಿ ನನ್ನ ಅನಿಸಿಕೆ ಇಷ್ಟು: ಪ್ರವಾಸದಲ್ಲಿ ಕವಿತೆ ಹುಡುಕಬೇಡಿ. ನೋಡಿದ್ದಕ್ಕೆ ಆ ಊರಿನವರು ಏನು ಹೆಸರಿಟ್ಟಿದ್ದಾರೆ ಅಂತ ಕೇಳಿಕೊಂಡು ಬನ್ನಿ. ಫೋಟೋ ತೆಗೆಯೋದು ನಿಮ್ಮಿಷ್ಟ. ನನ್ನ ಮಟ್ಟಿಗೆ ಫೋಟೋ ಜಾಸ್ತಿಯಾದಷ್ಟೂ ನೆನಪು ಸೋಮಾರಿಯಾಗುತ್ತದೆ.

ಇದು ನನ್ನಂಥವರ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಲೆಮಾರಿ ಕವಿ ಅಂದರೆ ಎಲ್ಲರೂ ಹೇಳುವ ಹೆಸರು ಜಪಾನಿನ ಬಾಶೋ. 1689ರಲ್ಲಿ ಆತ ಉತ್ತರದ ಕಡೆಗೆ ಸುಮಾರು ಐದು ತಿಂಗಳು ನಡೆದ. ದಾರಿಯ ಹೆಚ್ಚಿನ ಭಾಗದಲ್ಲಿ ಸೋರಾ ಅನ್ನುವ ಶಿಷ್ಯ ಜೊತೆಗಿದ್ದ. ಆ ಪ್ರವಾಸದ ಬರಹವನ್ನು ಬಾಶೋ ವರ್ಷಗಟ್ಟಲೆ ತಿದ್ದಿದ, ಪುಸ್ತಕವಾಗಿ ಹೊರಬಂದದ್ದು ಆತ ತೀರಿಕೊಂಡ ಮೇಲೆ. 1943ರಲ್ಲಿ ಸೋರಾನ ದಿನಚರಿ ಅಚ್ಚಾದಾಗ ನೋಡಿದರೆ, ಎಷ್ಟೋ ಕಡೆ ಇಬ್ಬರ ಲೆಕ್ಕ ತಾಳೆಯಾಗುವುದಿಲ್ಲ!

ನನಗೆ ಇಷ್ಟವಾದದ್ದು ಆ ಪ್ರವಾಸದಲ್ಲಿ ಬಾಶೋ ಬರೆದ ಜೀರುಂಡೆಯ ಹಾಯ್ಕು, ಅಂದರೆ ಜಪಾನಿನ ಪುಟ್ಟ ಕವಿತೆ. ಯಮಾದೆರಾ ಅನ್ನುವ ಬೆಟ್ಟದ ಗುಡಿಯಲ್ಲಿ ಹುಟ್ಟಿದ್ದು. ಸೋರಾ ಬರೆದಿಟ್ಟುಕೊಂಡ ಮೊದಲ ರೂಪದಲ್ಲಿ ಆ ಗುಡಿಯ ಹೆಸರೇ ಮೊದಲ ಪದ. ಕೊನೆಯ ರೂಪದಲ್ಲಿ ಗುಡಿಯ ಹೆಸರು ಹೋಗಿ ಆ ಜಾಗಕ್ಕೆ 'ನಿಶ್ಶಬ್ದ' ಬಂದಿದೆ. ಜೀರುಂಡೆಯ ದನಿ ಬಂಡೆಗೆ ಅಂಟುತ್ತದೋ, ಒಳಗೆ ಇಳಿಯುತ್ತದೋ ಅನ್ನುವ ಕ್ರಿಯಾಪದವನ್ನೂ ಬಾಶೋ ಬದಲಾಯಿಸಿದ್ದಾನೆ. ಇರುವುದೇ ಹದಿನೇಳು ಮಾತ್ರೆ, ಅದಕ್ಕೆ ಇಷ್ಟು ಒದ್ದಾಟ.

ಅಂದಹಾಗೆ, ನನ್ನ ತದಡಿ ಕವಿತೆಯೂ ಇನ್ನೂ ಮುಗಿದಿಲ್ಲ. ಎಂಟನೇ ಸಾಲಿನಲ್ಲಿ ಆ ಅಕ್ಕ ಕೆಸರನ್ನು ಕಾಲಿನಿಂದ ತಡಕುತ್ತಾರೋ, ತಡವುತ್ತಾರೋ, ಮೂರು ತಿಂಗಳಿಂದ ಅಲ್ಲೇ ಇದ್ದೇನೆ.