ತಂಬಾಕಿಲ್ಲದ ಕವಳವೂ ಬೇಡ

ಪತ್ರದ ಸಾರ: ಶಿರಸಿ ತಾಲೂಕಿನ ಅಡಿಕೆ ಬೆಳೆಗಾರರ ಮನೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಅಪ್ಪಯ್ಯನಿಗೆ ಎಡಗೆನ್ನೆಯ ಒಳಗೆ ಕ್ಯಾನ್ಸರ್ ಆಗಿತ್ತು. ಆಪರೇಷನ್, ನಂತರ 30 ಸಲ ರೇಡಿಯೇಷನ್ ಮುಗಿದು ನಾಲ್ಕು ತಿಂಗಳಾಯಿತು. ಈಗ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ. ಕೆಳಗಿನ ದವಡೆಹಲ್ಲು ನೋಯುತ್ತಿದೆ, ಮುಂದಿನ ವಾರ ಕೀಳಿಸುವ ಯೋಚನೆ. “ತಂಬಾಕು ಬಿಟ್ಟಾಯ್ತಲ, ನಮ್ಮದೇ ತೋಟದ ಅಡಿಕೆ, ಬರೀ ಕವಳಕ್ಕೆ ಎಂತಾ ಆಗ್ತು?” ಎನ್ನುತ್ತಾರಂತೆ. ಕವಳವೆಂದರೆ ಎಲೆ-ಅಡಿಕೆ. ಹಾಲು, ಸಕ್ಕರೆ ಬಿಡಿಸಿ ಎಂದು ನೆಂಟರ ಸಲಹೆ ಬೇರೆ. ಅಣ್ಣನಿಗೂ ಕವಳದ ಚಟವಿದೆ.

ಸಂಪಾದಕರ ಉತ್ತರ:

ಹಲ್ಲಿನ ವಿಷಯ ಮೊದಲು, ಅದಕ್ಕೆ ವಾರವಷ್ಟೇ ಉಳಿದಿದೆ. ದಯವಿಟ್ಟು ಆ ಹಲ್ಲು ಕೀಳಿಸುವುದನ್ನು ತಡೆದು, ರೇಡಿಯೇಷನ್ ಕೊಟ್ಟ ಆಸ್ಪತ್ರೆಗೆ ನಾಳೆಯೇ ಫೋನ್ ಮಾಡಿ. ರೇಡಿಯೇಷನ್ ಬಿದ್ದ ದವಡೆಯಲ್ಲಿ ಸಣ್ಣ ರಕ್ತನಾಳಗಳು ಸೊರಗಿರುತ್ತವೆ. ಅಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ, ಮೂಳೆ ತಿಂಗಳುಗಟ್ಟಲೆ ಹೊರಗೆ ಕಾಣುತ್ತಲೇ ಇದ್ದು, ಕೊನೆಗೆ ಅದೇ ಸತ್ತುಹೋಗಬಹುದು. ಕೆಳದವಡೆಗೆ ಈ ಅಪಾಯ ಹೆಚ್ಚು, ವರ್ಷಗಳು ಕಳೆದರೂ ತಪ್ಪಿದ್ದಲ್ಲ. ಉಳಿಯದ ಹಲ್ಲುಗಳನ್ನು ರೇಡಿಯೇಷನ್‌ಗೆ ಎರಡು ವಾರ ಮೊದಲೇ ತೆಗೆಯುವುದು ಇದೇ ಕಾರಣಕ್ಕೆ. ಡಿಸ್ಚಾರ್ಜ್ ಕಾಗದದಲ್ಲಿ ‘60 ಗ್ರೇ, 30 ಫ್ರ್ಯಾಕ್ಷನ್’ ಎಂಬಂಥ ಸಾಲಿರುತ್ತದೆ, ಅಂದರೆ ಒಟ್ಟು ಎಷ್ಟು ರೇಡಿಯೇಷನ್, ಎಷ್ಟು ಸಲ ಎಂಬ ಲೆಕ್ಕ. ಯಾವ ದಂತವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿ. ರೂಟ್ ಕೆನಾಲ್‌ನಲ್ಲಿ ಮುಗಿಯುವಂತಿದ್ದರೆ ಅದೇ ಲೇಸು. ಇನ್ನೊಂದು ಮಾತು: ನೋವು ಹಲ್ಲಿನದೇ ಎಂದುಕೊಂಡು ಕೂರಬೇಡಿ. ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ. ಹೊಸ ನೋವು, ಬಾಯಿ ಏಕಾಏಕಿ ಇನ್ನಷ್ಟು ಬಿಗಿಯುವುದು, ಕುತ್ತಿಗೆಯಲ್ಲಿ ಗಂಟು ಕಂಡರೆ ಮುಂದಿನ ತಪಾಸಣೆಯ ತಾರೀಕು ಕಾಯದೆ ಸರ್ಜನ್‌ಗೆ ತೋರಿಸಿ.

ಸರ್ಜನ್ ಸಮ್ಮತಿಸಿದ ಮೇಲೆ ಬಾಯಿ ತೆರೆಸುವ ವ್ಯಾಯಾಮ. ಅಗಿಯುವ ಸ್ನಾಯುಗಳು ರೇಡಿಯೇಷನ್ ನಂತರ ನಾರುಗಟ್ಟುತ್ತವೆ. ಮೊದಲ ವರ್ಷ ಬಿಟ್ಟುಬಿಟ್ಟರೆ ಆಮೇಲೆ ಸಡಿಲಿಸುವುದು ಬಲುಕಷ್ಟ. ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಬಿಗಿತವೆಂದೇ ಲೆಕ್ಕ. ತೊಳೆದ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ರಬ್ಬರ್ ಹಾಕಿ. ಒಂದು ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ, ಅಂದರೆ ಅಪ್ಪಯ್ಯನಿಗೆ ಈಗ ಹನ್ನೊಂದು ಹನ್ನೆರಡು ಹಿಡಿಸಬಹುದು. ಆರಾಮವಾಗಿ ಹಿಡಿಸುವಷ್ಟನ್ನು ಹಲ್ಲುಗಳ ನಡುವೆ ಇಟ್ಟು, ನಡುವೆ ಇನ್ನೊಂದು ಕಡ್ಡಿ ಮೆಲ್ಲಗೆ ತೂರಿಸಿ, ಎಳೆತ ಗೊತ್ತಾದಲ್ಲಿ 30 ಸೆಕೆಂಡ್ ನಿಲ್ಲಿಸಿ. ಒಂದು ಸಲಕ್ಕೆ ಐದು ಬಾರಿ, ದಿನಕ್ಕೆ ಐದು ಸಲ. ಎಳೆತ ಇರಬೇಕು, ನೋವು ಇರಬಾರದು. ರಕ್ತ ಬಂದರೆ, ಅಲುಗಾಡುವ ಹಲ್ಲಿದ್ದರೆ ನಿಲ್ಲಿಸಿ. ದಿನದ ಅಳತೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ಕಡ್ಡಿ ಹೆಚ್ಚಾಗಲು ವಾರಗಳೇ ಹಿಡಿಯಬಹುದು, ಬರೆದದ್ದು ಕಂಡರೆ ಬೇಸರ ಕಡಿಮೆ.

ಇನ್ನು ಕವಳ. ತಂಬಾಕು ಬಿಟ್ಟದ್ದು ದೊಡ್ಡ ಕೆಲಸ, ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಆದರೆ ಅಡಿಕೆಯನ್ನೂ, ತಂಬಾಕಿಲ್ಲದ ಎಲೆ-ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಕೆನ್ನೆಯ ಒಳಪದರವನ್ನು ನಾರಾಗಿಸುತ್ತದೆ. ರೇಡಿಯೇಷನ್‌ನಿಂದ ಬಿಗಿದ ಬಾಯಿಗೆ ಅದು ಇನ್ನೊಂದು ಬಿಗಿತ. ಚಾಲಿಯಾದರೂ ಕೆಂಪಡಿಕೆಯಾದರೂ, ಮದ್ದು ಹೊಡೆಯದ ಮನೆ ತೋಟದ್ದಾದರೂ ಅರೆಕೊಲಿನ್ ಇದ್ದೇ ಇರುತ್ತದೆ. ನಮ್ಮ ಸೀಮೆಯ ಊಟವೇ ಅಡಿಕೆಯಿಂದ ನಡೆಯುತ್ತದೆ, ಬಲ್ಲೆವು. ತೋಟದ ಲೆಕ್ಕವನ್ನೂ ಅಪ್ಪಯ್ಯನ ಕೆನ್ನೆಯ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಡಿ. ಊಟವಾದ ತಕ್ಷಣ ಚಟ ಎಳೆಯುತ್ತದೆ. ಕವಳದ ಹರಿವಾಣ ಜಗಲಿಯಿಂದ ಒಳಗೆ ಹೋಗಲಿ, ಅಣ್ಣನೂ ಅವರೆದುರು ಹಾಕದಿರಲಿ.

ಹಾಲು, ಸಕ್ಕರೆ ಬಿಡಿಸಿದರೆ ಕ್ಯಾನ್ಸರ್ ಹಸಿದು ಸಾಯುವುದಿಲ್ಲ, ಅಪ್ಪಯ್ಯ ಸೊರಗುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಮಾತು ಬೇರೆ. ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು, 50 ಕಿಲೋ ಇದ್ದರೆ 50ರಿಂದ 75 ಗ್ರಾಂ. ಬರೀ ಗಂಜಿ ತಿಳಿಯಿಂದ ಇದು ಬರದು. ಗಂಜಿಗೆ ಬೇಯಿಸಿ ಅರೆದ ಹೆಸರುಬೇಳೆ, ತುಪ್ಪ ಬೆರೆಸಿ. ಹಾಲಿನಲ್ಲಿ ನೆನೆಸಿದ ತೆಳ್ಳೇವು (ತೆಳು ದೋಸೆ), ಹುಳಿಯಿಲ್ಲದ ಗಟ್ಟಿ ಮೊಸರು, ಒಂದೆಲಗದ ತಂಬುಳಿಯಾದರೆ ಮೆಣಸಿಲ್ಲದ್ದು. ಅಪ್ಪೆಹುಳಿ, ಮುರುಗಲು ಉರಿಯುತ್ತವೆ, ಸದ್ಯಕ್ಕೆ ಬೇಡ. ವಾರಕ್ಕೊಮ್ಮೆ ತೂಕ ನೋಡಿ.

ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಬೇಗ ಹುಳುಕುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗೆ ಸೋಡಾ ಹಾಕಿ ದಿನಕ್ಕೆ ನಾಲ್ಕಾರು ಬಾರಿ ಮುಕ್ಕಳಿಸಿ ಉಗುಳಲಿ. ರಾತ್ರಿಗೆ ಹೆಚ್ಚು ಫ್ಲೋರೈಡ್ ಇರುವ ಪೇಸ್ಟನ್ನು ದಂತವೈದ್ಯರಿಂದ ಬರೆಸಿಕೊಳ್ಳಿ.

ಮಳೆಗಾಲದಲ್ಲಿ ಘಟ್ಟ ಇಳಿದು ಮಂಗಳೂರಿಗೋ, ಇತ್ತ ಹುಬ್ಬಳ್ಳಿಗೋ ಹೋಗಿಬರುವುದು ಹೈರಾಣವೇ. ಆದರೂ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ತಪ್ಪಿಸಬೇಡಿ. ಕುತ್ತಿಗೆಗೂ ರೇಡಿಯೇಷನ್ ಬಿದ್ದಿದ್ದರೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡ್‌ನ ಟಿಎಸ್‌ಎಚ್ ರಕ್ತಪರೀಕ್ಷೆ ಆಗಬೇಕು. ಥೈರಾಯ್ಡ್ ಕುಂದಿದಾಗ ಬರುವ ಸುಸ್ತು, ಚಳಿ, ಮಲಬದ್ಧತೆಯನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುವವರೇ ಹೆಚ್ಚು.

ಅಣ್ಣನ ಬಾಯನ್ನು ಇವತ್ತೇ ಬ್ಯಾಟರಿ ಹಿಡಿದು ನೋಡಿ. ತಮ್ಮದೇ ಮೂರು ಬೆರಳು ನಿಲ್ಲಿಸಿದರೆ ಒಳಗೆ ಹಿಡಿಸದಷ್ಟು ಬಾಯಿ ಬಿಗಿದಿದೆಯೇ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ ಇದೆಯೇ, ಎರಡು ವಾರಕ್ಕೂ ಮಾಯದ ಹುಣ್ಣಿದೆಯೇ, ಖಾರ ಮೊದಲಿಗಿಂತ ಹೆಚ್ಚು ಉರಿಯುತ್ತದೆಯೇ? ಒಂದಕ್ಕೆ ಹೌದೆಂದರೂ ಅಪ್ಪಯ್ಯನ ಜೊತೆಗೆ ಅವರನ್ನೂ ಕರೆದುಕೊಂಡು ಹೋಗಿ.