ಆಪ್ತಸಲಹೆ ಪ್ರಕರಣ: ಮೋಡ ಕದ್ದ ವಿಮಾನ

ಪಿತೂರಿ ಕಥೆಗಳನ್ನು ಗಟ್ಟಿಯಾಗಿ ನಂಬಿದವರು ಒಬ್ಬರಾದ ಮೇಲೆ ಒಬ್ಬರು ಆಪ್ತಸಲಹೆಗೆ ಬರುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಒಬ್ಬರಿಗೆ ಲಸಿಕೆ, ಇನ್ನೊಬ್ಬರಿಗೆ 5ಜಿ ಟವರ್, ಮತ್ತೊಬ್ಬರಿಗೆ ವಿಮಾನ. ಕರೆತರುವ ಮನೆಯವರ ಬೇಡಿಕೆ ಮಾತ್ರ ಒಂದೇ: "ಇವ್ರ ತಲಿಯಾಗಿಂದ ಅದನ್ನ ತೆಗಿರಿ." ಗುರುತು ಸಿಗದಂತೆ ಇಲ್ಲಿನ ವಿವರಗಳನ್ನು ಬದಲಿಸಿದ್ದೇನೆ.

ಯಾದಗಿರಿ ಜಿಲ್ಲೆಯ ತೊಗರಿ ಬೆಳೆಗಾರ, ವಯಸ್ಸು ಐವತ್ತರ ಆಸುಪಾಸು. 2023ರ ಮಳೆಗಾಲದಲ್ಲಿ ಮಗ ಕರೆತಂದ. ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ವಿಡಿಯೋ, ಊಟಕ್ಕೆ ಕೂತರೆ ಜಗಳ. ಮಳೆ ಹೊತ್ತು ಬರುವ ಮೋಡಕ್ಕೆ ವಿಮಾನಗಳು ಔಷಧಿ ಹೊಡೆದು ಚದುರಿಸುತ್ತಿವೆ, ರೈತ ಬೇಸತ್ತು ಹೊಲ ಮಾರಲಿ ಅಂತಲೇ ದೊಡ್ಡ ಕಂಪನಿಗಳು ಇದನ್ನು ಮಾಡಿಸುತ್ತಿವೆ ಎಂಬುದು ಅವರ ವಾದ. ಕಂಡ ವಿಮಾನವನ್ನೆಲ್ಲ ದಿನಾಂಕ, ಹೊತ್ತು, ದಿಕ್ಕಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು.

ಮೊದಲು ನೋಡಬೇಕಾದದ್ದು ಇದು ಕಾಯಿಲೆಯೋ ಅಲ್ಲವೋ ಎಂಬುದನ್ನು. ಊರಿನ ಹತ್ತು ಜನ ಕಟ್ಟೆಯ ಮೇಲೆ ಆಡುವ ಮಾತನ್ನೇ ಇವರೂ ಆಡಿದರೆ ಅದು ನಂಬಿಕೆ. "ಆ ವಿಮಾನ ನನ್ನನ್ನೇ ಹುಡುಕಿಕೊಂಡು ಬರ್ತದ, ನನ್ನ ಹೆಸರು ಹೇಳ್ತದ" ಅಂದರೆ, ಯಾರೂ ಇಲ್ಲದಾಗ ದನಿ ಕೇಳಿಸಿದರೆ, ನಿದ್ದೆಯೇ ಇಲ್ಲದೆ ದಿನಗಳು ಕಳೆದರೆ, ಸಾಯುವ ಮಾತು ಬಂದರೆ ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಬೇಕು. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್, 14416. ಇವರಲ್ಲಿ ಅಂಥದ್ದೇನೂ ಇರಲಿಲ್ಲ.

ಎರಡನೆಯದು, ಆ ಮಾತಿನೊಳಗೆ ಖರೆ ಎಷ್ಟಿದೆ ಎಂದು ನೋಡುವುದು. ಬಹಳಷ್ಟು ಮನೆಯವರು ಎಡವುವುದು ಇಲ್ಲೇ. "ಎಲ್ಲಾ ಸುಳ್ಳು" ಎಂದು ಮಗ ಹೇಳುತ್ತಿದ್ದ. ಎಲ್ಲವೂ ಸುಳ್ಳಲ್ಲ. 2017 ಮತ್ತು 2019ರಲ್ಲಿ ಮಳೆ ಬರಿಸಲೆಂದು ರಾಜ್ಯ ಸರ್ಕಾರವೇ 'ವರ್ಷಧಾರೆ' ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಿತ್ತು. 2017ರಲ್ಲಿ ಅದಕ್ಕಾಗಿ ಇವರದೇ ಜಿಲ್ಲೆಯ ಸುರಪುರದಲ್ಲಿ ರಾಡಾರ್ ಕೂರಿಸಿದ್ದರು. ಪಕ್ಕದ ಮಹಾರಾಷ್ಟ್ರದ ಸೋಲಾಪುರದ ಆಕಾಶದಲ್ಲಿ 2018, 2019ರ ಮಳೆಗಾಲದಲ್ಲಿ ಮೋಡ ಬಿತ್ತನೆಯ ಪ್ರಯೋಗಕ್ಕಾಗಿ ಪುಣೆಯ ಹವಾಮಾನ ವಿಜ್ಞಾನಿಗಳ ವಿಮಾನ ಹಾರಾಡಿತ್ತು. ಕಣ್ಣಾರೆ ಕಂಡವರಿಗೆ "ಸುಳ್ಳು" ಅಂದರೆ, ಹೇಳುವವನ ಮೇಲಿನ ನಂಬಿಕೆ ಹೋಗುತ್ತದೆಯೇ ಹೊರತು ವಿಮಾನದ ಮೇಲಿನದ್ದಲ್ಲ.

ಮೋಡ ಬಿತ್ತನೆಯ ವಿಮಾನ ರೆಕ್ಕೆಗೆ ಕಟ್ಟಿದ ಕೊಳವೆಗಳಿಂದ ಉಪ್ಪಿನಂಥ ಕಣಗಳನ್ನೋ ಸಿಲ್ವರ್ ಅಯೋಡೈಡನ್ನೋ ಬಿಡುತ್ತದೆ. ನೀರು ತುಂಬಿದ ಮೋಡ ಮೊದಲೇ ಇರಬೇಕು. ಇಲ್ಲದ ಮೋಡವನ್ನು ಅದು ಹುಟ್ಟಿಸಲಾರದು. ಇವರು ಬರೆದಿಟ್ಟಿದ್ದರಲ್ಲಿ ಬಹುಪಾಲು ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೋಗುವ ಪ್ರಯಾಣಿಕರ ವಿಮಾನಗಳು. ಹಿಂದೆ ಉಳಿಯುವ ಬಿಳಿ ಗೆರೆ ಎಂಜಿನ್ನಿನ ನೀರಾವಿ ಆ ಚಳಿಗೆ ಹಿಮಕಣವಾದದ್ದು. ಇಷ್ಟನ್ನೂ ಮೊದಲ ದಿನವೇ ಹೇಳಬಹುದಿತ್ತು, ಹೇಳಲಿಲ್ಲ. ಕಾರಣ ನಾಲ್ಕನೇ ಭೇಟಿಯಲ್ಲಿ ಸಿಕ್ಕಿತು.

ಅವತ್ತು ಕೇಳಿದ್ದು ಒಂದೇ ಪ್ರಶ್ನೆ: "ಯಜಮಾನ್ರೆ, ನಾಳೆ ಬೆಳಗಾಗೋದ್ರಾಗ ವಿಮಾನದ್ದೇನೂ ತಪ್ಪಿಲ್ಲ ಅಂತ ನಿಮಗೇ ಖಾತ್ರಿ ಆತು ಅಂತ ತಿಳೀರಿ. ಆಗ ನಿಮಗ ಏನ್ ತ್ರಾಸ ಆಗ್ತದ?"

ಬಹಳ ಹೊತ್ತು ಮಾತಿಲ್ಲ. ನೋಟ್‌ಬುಕ್ಕಿನ ಮೂಲೆ ಮಡಚಿದರು, ಬಿಡಿಸಿದರು. ಆಮೇಲೆ ಅಂದರು: "ತಮ್ಮಗ ನಾನೇ ಹೇಳಿದ್ದೆರಿ. ಈ ವರ್ಷ ಮಳಿ ಚಲೋ ಅದ, ಆರು ಎಕರೆ ಹೊಲ ಲಾವಣಿ (ಗುತ್ತಿಗೆ) ಹಿಡಿ ಅಂತ. ಅಂವ ಹೆಂಡ್ತಿ ಬಂಗಾರ ಅಡ ಇಟ್ಟ. ಮೋಡ ಯಾರರ ಕದ್ದಿದ್ರ ನನ್ ಮಾತ್ ಸುಳ್ಳಾಗಿಲ್ಲಲ್ರಿ. ಯಾರೂ ಕದ್ದಿಲ್ಲಂದ್ರ ನಾ ಏನ್ ಮುಖ ಇಟ್ಕೊಂಡು ಅವನ ಮನಿಗಿ ಹೋಗ್ಲಿ?"

ಹಗಲುರಾತ್ರಿ ಆ ವಿಡಿಯೋಗಳು ಅವರಿಗೆ ಮಾಡಿಕೊಡುತ್ತಿದ್ದ ಉಪಕಾರ ಇದು. 2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಅದಕ್ಕೆ ಕಾರಣ ಎಲ್ ನಿನೊ, ಅಂದರೆ ದೂರದ ಪೆಸಿಫಿಕ್ ಸಾಗರ ಬಿಸಿಯಾಗಿದ್ದು ಎಂದರೆ ಬೈಯಲು ಮುಖವಿಲ್ಲ. ಕಳ್ಳನಿಗೆ ಮುಖವಿದೆ, ಉದ್ದೇಶವಿದೆ, ಅವನ ಮುಂದೆ ತನ್ನ ತಪ್ಪು ಸಣ್ಣದಾಗುತ್ತದೆ. ಇಂಥ ಕಥೆ ಓದಿದವರಿಗೂ ಹಿಡಿಸುವುದು ಇದಕ್ಕೇ, ದಡ್ಡತನಕ್ಕಲ್ಲ. ಅದನ್ನು ಕಿತ್ತುಕೊಳ್ಳುವ ಮೊದಲು ಆ ಅಪರಾಧಿ ಭಾವಕ್ಕೆ ಇಳಿಯಲು ಬೇರೊಂದು ಜಾಗ ಬೇಕು.

ಹಾಗಾಗಿ ಮೊದಲ ಸಲಹೆ ವಿಮಾನದ ಬಗ್ಗೆ ಆಗಿರಲೇ ಇಲ್ಲ. ತಮ್ಮನ ಮನೆಗೆ ಹೋಗಿ ಎರಡೇ ಮಾತು: "ನಾ ಹೇಳಿದ್ದು ತಪ್ಪಾತು. ಬಂಗಾರ ಬಿಡಿಸೋದ್ರಾಗ ನಂದೂ ಪಾಲದ." ಮೂರನೇ ಮಾತು ಬೇಡ, ಮಳೆಯ ಮಾತಂತೂ ಬೇಡವೇ ಬೇಡ. ಜೊತೆಗೆ ಅಡವಿನ ಚೀಟಿ, ಬಡ್ಡಿ ದರ, ಬಿಡಿಸಬೇಕಾದ ದಿನ ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಒಯ್ಯಬೇಕು. ಲೆಕ್ಕವಿಲ್ಲದ ಕ್ಷಮೆ ಜಗಳಕ್ಕೇ ತಿರುಗುತ್ತದೆ.

ಎರಡನೆಯದು ನೋಟ್‌ಬುಕ್ಕು. ಅದನ್ನು ಎಸೆಯಬೇಡಿ, ಪೂರ್ತಿ ಮಾಡಿ ಎಂದೆ. ಅವರು ತುಂಬುತ್ತಿದ್ದದ್ದು ಒಂದೇ ಖಾನೆ: ವಿಮಾನ ಬಂತು, ಮಳೆ ಬರಲಿಲ್ಲ. ಬೇಕಾದದ್ದು ನಾಲ್ಕು: ವಿಮಾನ ಇದ್ದು ಮಳೆ, ವಿಮಾನ ಇದ್ದು ಮಳೆ ಇಲ್ಲ, ವಿಮಾನ ಇಲ್ಲದೆ ಮಳೆ, ಎರಡೂ ಇಲ್ಲ. ಅಂಗಳ ಒದ್ದೆಯಾದದ್ದು ಲೆಕ್ಕಕ್ಕಿಲ್ಲ. ಹೋಬಳಿಯ ಮಳೆಮಾಪಕದ ಅಂಕಿಯನ್ನು ರಾಜ್ಯದ ಹವಾಮಾನ ಸಹಾಯವಾಣಿ 'ವರುಣಮಿತ್ರ'ಕ್ಕೆ ಫೋನ್ ಮಾಡಿ ಕೇಳಬೇಕು, 2.5 ಮಿಲಿಮೀಟರ್ ಅಥವಾ ಹೆಚ್ಚಿದ್ದರಷ್ಟೇ ಮಳೆ ದಿನ. ಇಪ್ಪತ್ತೊಂದು ದಿನಕ್ಕೆ ಬಂದದ್ದು: ವಿಮಾನ ಕಂಡ 12 ದಿನಗಳಲ್ಲಿ ಮಳೆ 3, ಕಾಣದ 9 ದಿನಗಳಲ್ಲಿ ಮಳೆ 2. ಇದು ಸಣ್ಣ ಲೆಕ್ಕ, ಯಾವುದನ್ನೂ ಸಾಬೀತು ಮಾಡುವುದಿಲ್ಲ. ಆದರೆ ಖಾಲಿ ಖಾನೆಗಳನ್ನು ತುಂಬಿದ್ದು ಅವರದೇ ಕೈ. ಮಗ ಕೂಡಿಸಿ ತೋರಿಸಿದ್ದರೆ ಹರಿದು ಹಾಕುತ್ತಿದ್ದರು.

ಮನೆಯವರಿಗೆ ಹೇಳಿದ್ದು ಕಡಿಮೆ. ರಾತ್ರಿ ಊಟದ ಮೇಲೆ ಈ ವಿಷಯ ತೆಗೆಯಬೇಡಿ. ಯೂಟ್ಯೂಬಿನಲ್ಲಿ ನೋಡಿದ ವಿಡಿಯೋಗಳ ಇತಿಹಾಸ ಅಳಿಸಿ, ತಾನಾಗಿ ಮುಂದಿನದಕ್ಕೆ ಹೋಗುವ ಆಟೋಪ್ಲೇ ಬಂದ್ ಮಾಡಿ, ಆದರೆ ಅವರಿಗೆ ಕೇಳಿ ಮಾಡಿ. ಕದ್ದು ಮಾಡಿದರೆ ಮನೆಯೊಳಗೇ ಪಿತೂರಿ ಸಿಕ್ಕಂತಾಗುತ್ತದೆ. ಚಾರ್ಜರ್ ಪಡಸಾಲೆಯಲ್ಲಿರಲಿ, ಹಾಸಿಗೆ ಪಕ್ಕ ಬೇಡ. ನಗಬೇಡಿ.

"ಮೆತ್ತಗೆ ಹೋದರೆ ಸುಳ್ಳಿಗೆ ನೀರೆರೆದಂತೆ" ಎಂದು ಆಕ್ಷೇಪಿಸುವವರಿದ್ದಾರೆ. ವದಂತಿ ಎಲ್ಲಿಗೆ ಮುಟ್ಟುತ್ತದೆಂದು ಈ ಭಾಗಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಸುದ್ದಿಗೆ ಹೈದರಾಬಾದಿನ ಯುವಕನ ಜೀವ ಹೋಯಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಸಾಕಾಗಿತ್ತು. ಗುಂಪು ಸೇರುತ್ತಿದ್ದರೆ ಆಪ್ತಸಲಹೆಯ ಹೊತ್ತಲ್ಲ, ಪೊಲೀಸರಿಗೆ ಫೋನ್ ಮಾಡುವ ಹೊತ್ತು. ಆದರೆ ನಿದ್ದೆಗೆಟ್ಟು ಎದುರು ಕೂತ ಒಬ್ಬ ರೈತನ ಮೇಲೆ ಅದೇ ಗಡಸುತನ ತೋರಿದರೆ ಆತ ಮರುದಿನ ಬರುವುದಿಲ್ಲ, ಅಷ್ಟೇ.

ಕೊನೆಯ ಭೇಟಿಗೆ ತಮ್ಮನೂ ಬಂದಿದ್ದ. ಹಿಂಗಾರಿಗೆ ಕಡಲೆ ಬಿತ್ತುವ ಮಾತು ನಡೆದಿತ್ತು. ಮಗನಿಗೆ ಮಾತ್ರ ಸಮಾಧಾನವಿಲ್ಲ: "ಅಪ್ಪ ಇನ್ನೂ ಸುಳ್ಳಂತ ಒಪ್ಪಿಲ್ರಿ." ಯಜಮಾನರು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ಸುರಪುರಕ್ಕ ರಾಡಾರ್ ಬಂದಿದ್ದು ಖರೆನೇ ಅದಲ್ಲೋ" ಅಂದರು. ಹೌದು, ಅದು ಖರೆ.